ಇಂಗ್ಲಿಷ್ ಪದ, ಅದರ ಅರ್ಥ, ಡೇನಿಶ್ ಅನುವಾದ: ಪಟ್ಟಿಯನ್ನು ತಪ್ಪಿಲ್ಲದೆ ಕಟ್ಟುವುದು ಹೇಗೆ?

ಪದಜೋಳಿಗೆ (ಪ್ರಶ್ನೆ):

ಕನ್ನಡ ಬಲ್ಲವರು ಡೇನಿಶ್ ಕಲಿಯಲು ಬಳಸುವಂಥ ಮೂರು ಕಾಲಂಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಮೊದಲ ಕಾಲಂನಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಡೇನಿಶ್. 1,200 ಪದ ಸೇರಿವೆ. ಮೂರನೆಯ ಕಾಲಂ ಬಹುಪಾಲು ಅನುವಾದ ಯಂತ್ರ ಕೊಟ್ಟದ್ದು. ಒಂದೊಂದಾಗಿ ಪರೀಕ್ಷಿಸಲು ಹೊರಟಾಗ ಮೂರು ತೊಡಕು ಎದುರಾಗಿವೆ.

ಮೊದಲನೆಯದು, ಒಂದು ಇಂಗ್ಲಿಷ್ ಪದಕ್ಕೆ ಮೂರು ನಾಲ್ಕು ಡೇನಿಶ್ ಪದಗಳಿವೆ. ಥಿಂಕ್ ಎಂಬುದಕ್ಕೆ ಟೆಂಕೆ, ಟ್ರೊ, ಸೂನೆಸ್, ಮೇನೆ. ಯಾವುದನ್ನು ಬರೆಯಬೇಕು? ಎರಡನೆಯದು, ನೋಡಲು ಇಂಗ್ಲಿಷಿನಂತೆಯೇ ಇದ್ದು ಅರ್ಥ ಬೇರೆಯಾಗಿರುವ ಪದಗಳು. ಇವುಗಳಲ್ಲಿ ನಿಜವಾಗಿ ಕಾಡುವವು ಯಾವುವು? ಮೂರನೆಯದು, ಡೇನಿಶ್ ಪದವೊಂದನ್ನೇ ಬರೆದರೆ ಸಾಕೇ, ಜೊತೆಗೆ ಇನ್ನೇನಾದರೂ ಇರಬೇಕೇ?

ಇಲ್ಲಿ ಡೇನಿಶ್ ಪದಗಳನ್ನು ಹೆಚ್ಚುಕಡಿಮೆ ಕಾಗುಣಿತ ಹಿಡಿದೇ ಕನ್ನಡ ಲಿಪಿಗೆ ತಂದಿದ್ದೇನೆ. ಉಚ್ಚಾರಣೆ ಬೇರೆ ಎಂಬುದು ಗೊತ್ತು. ಉತ್ತರಿಸುವವರೂ ಹೀಗೇ ಬರೆದರೆ ಓದಲು ಸುಲಭ.


ಅರ್ಥಜಾಡು:

ಪಟ್ಟಿಯ ರಚನೆಯಲ್ಲೇ ತೊಂದರೆಯಿದೆ. ನೀವು ಒಂದು ಪದಕ್ಕೆ ಒಂದು ಸಾಲು ಕೊಟ್ಟಿದ್ದೀರಿ. ಒಂದು ಅರ್ಥಕ್ಕೆ ಒಂದು ಸಾಲು ಕೊಡಿ. ಥಿಂಕ್ ನಾಲ್ಕು ಸಾಲಾಗಲಿ, ಪ್ರತಿ ಸಾಲಿಗೂ ಒಂದು ಪುಟ್ಟ ವಾಕ್ಯವಿರಲಿ. ವಾಕ್ಯವಿಲ್ಲದ ಒಂಟಿ ಪದವನ್ನು ಕೊಟ್ಟರೆ ಯಂತ್ರ ಊಹಿಸಲೇಬೇಕು. ಲೈಟ್ ಎಂದು ಕೊಟ್ಟರೆ ಅದಕ್ಕೆ ತಿಳಿಯುವುದಾದರೂ ಹೇಗೆ, ಬೆಳಕೋ ಹಗುರವೋ ಎಂದು? ಬೆಳಕಿಗೆ ಲೂಸ್, ಹಗುರಕ್ಕೆ ಲೆಟ್. ಸ್ಪ್ರಿಂಗ್ ವಸಂತವಾದರೆ ಫೊರೋರ್, ಲೋಹದ ಸುರುಳಿಯಾದರೆ ಫ್ಯೇಡರ್, ನೀರಿನ ಚಿಲುಮೆಯಾದರೆ ಕಿಲ್ಡೆ. ಲೆಟರ್ ಕಾಗದವಾದರೆ ಬ್ರೇವ್, ಅಕ್ಷರವಾದರೆ ಬೊಗ್‌ಸ್ಟಾವ್.

ಇನ್ನೊಂದು ಮುಖ್ಯ ವಿಷಯ. ಇಂಗ್ಲಿಷ್ ಒಟ್ಟುಗೂಡಿಸಿದ್ದನ್ನು ಡೇನಿಶ್ ಬಿಡಿಸುವ ಎಷ್ಟೋ ಕಡೆ ಕನ್ನಡವೂ ಬಿಡಿಸುತ್ತದೆ. ಹಾಗಾಗಿ ಎರಡನೆಯ ಕಾಲಂ ಬರೀ ವಿವರಣೆಯಲ್ಲ, ಆಯ್ಕೆಯ ಕೀಲಿ. ಅಲ್ಲಿ ಕನ್ನಡವನ್ನು ಕರಾರುವಾಕ್ಕಾಗಿ ಬರೆದರೆ ಡೇನಿಶ್ ಪದ ಮುಕ್ಕಾಲು ಪಾಲು ತಾನೇ ಇತ್ಯರ್ಥವಾಗುತ್ತದೆ.

ನೋ ಎಂಬ ಇಂಗ್ಲಿಷ್ ಕ್ರಿಯಾಪದ ನೋಡಿ. ವಿಷಯ ‘ಗೊತ್ತು’ ಎಂದರೆ ವಿಡೆ. ವ್ಯಕ್ತಿ ಅಥವಾ ಊರಿನ ‘ಪರಿಚಯವಿದೆ’ ಎಂದರೆ ಕೆಂಡೆ. ಭಾಷೆ ‘ಬರುತ್ತದೆ’ ಎಂದರೆ ಕುನ್ನೆ. ‘ಅವಳಿಗೆ ಡೇನಿಶ್ ಬರುತ್ತದೆ’ ಎಂಬುದು ‘ಹುನ್ ಕಾನ್ ಡಾನ್ಸ್ಕ್’. ಇಲ್ಲಿ ವಿಡೆ ಹಾಕಿದರೆ ತಪ್ಪು. ಹಾಡು ಬಾಯಿಪಾಠ ಬರುತ್ತದೆ ಎನ್ನಲೂ ಕುನ್ನೆಯೇ, ಹಾಡು ಕೇಳಿ ಗೊತ್ತಿದೆ ಎನ್ನಲು ಕೆಂಡೆ. ವಿಡೆ ಅನಿಯಮಿತ ಕ್ರಿಯಾಪದ, ಅದರ ವರ್ತಮಾನ ರೂಪ ವೇಡ್, ಭೂತ ರೂಪ ವಿಡ್ಸ್ಟೆ. ಪಟ್ಟಿಯಲ್ಲಿ ಇವೂ ಇರಬೇಕು.

ಹಿಸ್, ಹರ್ ಎಂಬವು ಇಂಗ್ಲಿಷ್ ಮೂಲಕ ಬರುವವರನ್ನು ಬಹುಕಾಲ ಸತಾಯಿಸುತ್ತವೆ. ಕನ್ನಡದವರಿಗೆ ಇಲ್ಲಿ ಕಷ್ಟವೇ ಇಲ್ಲ. ‘ತನ್ನ’ ಎಂದರೆ ಸಿನ್, ‘ಅವನ’ ಎಂದರೆ ಹಾನ್ಸ್, ‘ಅವಳ’ ಎಂದರೆ ಹೆಂಡೆಸ್. ‘ಪೀಟರ್ ತನ್ನ ಹೆಂಡತಿಯನ್ನು ಪ್ರೀತಿಸುತ್ತಾನೆ’ ಎನ್ನಲು ‘ಪೀಟರ್ ಎಲ್ಸ್ಕರ್ ಸಿನ್ ಕೋನೆ’. ಸಿನ್ ಜಾಗದಲ್ಲಿ ಹಾನ್ಸ್ ಹಾಕಿದರೆ ಬೇರೊಬ್ಬನ ಹೆಂಡತಿಯನ್ನು ಪ್ರೀತಿಸುತ್ತಾನೆ ಎಂದಾಗುತ್ತದೆ! ‘ಪೀಟರ್ ಮತ್ತು ಅವನ ಹೆಂಡತಿ ಬಂದರು’ ಎನ್ನುವಾಗ ನಾವು ‘ತನ್ನ’ ಎನ್ನುವುದಿಲ್ಲ. ಡೇನಿಶಿನಲ್ಲೂ ಅಲ್ಲಿ ಹಾನ್ಸ್. ವ್ಯತ್ಯಾಸವಿರುವುದು ಬಹುವಚನದಲ್ಲಿ. ‘ಅವರು ತಮ್ಮ ಮನೆ ಮಾರಿದರು’ ಎನ್ನಲು ಸಿನ್ ಅಲ್ಲ, ಡೆರೆಸ್. ಜೊತೆಗೆ ಮುಂದಿನ ನಾಮಪದದ ಲಿಂಗ, ವಚನ ನೋಡಿಕೊಂಡು ಸಿನ್, ಸಿಟ್, ಸೀನೆ ಎಂದು ರೂಪ ಬದಲಾಗುತ್ತದೆ.

ಇಫ್ ಕೂಡ ಹೀಗೆಯೇ. ‘ಬಂದರೆ’ ಎಂಬ ಷರತ್ತಿನ ಅರ್ಥಕ್ಕೆ ವಿಸ್, ‘ಬರುತ್ತಾನೋ ಇಲ್ಲವೋ’ ಎಂಬ ಸಂದೇಹಕ್ಕೆ ಒಮ್. ಬಿಫೋರ್ ಕಾಲದ್ದಾದರೆ, ಅಂದರೆ ‘ಮೊದಲು’ ಎಂಬರ್ಥವಾದರೆ, ಫೊರ್ ಅಥವಾ ಇಂಡೆನ್. ಜಾಗದ ‘ಮುಂದೆ’ ಆದರೆ ಫೊರಾನ್. ವೆನ್ ಪ್ರಶ್ನೆಯಲ್ಲಿ ಬಂದರೆ ವೊರ್‌ನೋರ್. ಭೂತಕಾಲದಲ್ಲಿ ಒಮ್ಮೆ ನಡೆದದ್ದಕ್ಕೆ ಡಾ. ಮತ್ತೆ ಮತ್ತೆ ನಡೆಯುವುದಕ್ಕೂ ಮುಂದೆ ನಡೆಯುವುದಕ್ಕೂ ನೋರ್.

ಬಂಧುವಾಚಕಗಳಲ್ಲಿ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರ ಹೋಗಿ. ಅಂಕಲ್ ಎಂಬ ಸಾಲು ಬೇಡವೇ ಬೇಡ. ತಂದೆಯ ಸೋದರ ಫಾರ್‌ಬ್ರೋರ್, ಸೋದರಮಾವ ಮೋರ್‌ಬ್ರೋರ್, ಸೋದರತ್ತೆ ಫಾಸ್ಟರ್, ತಾಯಿಯ ಅಕ್ಕ ಅಥವಾ ತಂಗಿ ಮೋಸ್ಟರ್. ಓಂಕೆಲ್, ಟಾಂಟೆ ಎಂಬ ಸಾಮಾನ್ಯ ಪದಗಳೂ ಇವೆ. ಮದುವೆಯಿಂದ ಬಂದ ನಂಟಿಗೆ ಅವೇ ಬೇಕು. ಅಜ್ಜಿಯ ವಿಷಯದಲ್ಲಿ ಮಾತ್ರ ಡೇನಿಶ್ ನಮಗಿಂತ ಹೆಚ್ಚು ಬಿಡಿಸುತ್ತದೆ: ತಾಯಿಯ ತಾಯಿ ಮೋರ್‌ಮೋರ್, ತಂದೆಯ ತಾಯಿ ಫಾರ್‌ಮೋರ್. ಅಜ್ಜನೂ ಹಾಗೆಯೇ ಮೋರ್‌ಫಾರ್ ಮತ್ತು ಫಾರ್‌ಫಾರ್.

ನಾಡಿದ್ದು, ಮೊನ್ನೆ ಎಂಬ ಪದಗಳಿಗೆ ಇಂಗ್ಲಿಷ್ ಉದ್ದ ಪದಗುಚ್ಛ ಹುಡುಕುತ್ತದೆ. ಡೇನಿಶಿನಲ್ಲಿ ನಾಡಿದ್ದು ‘ಇ ಓವರ್‌ಮೊರ್ಗೆನ್’, ಮೊನ್ನೆ ‘ಇ ಫೊರ್‌ಗೋರ್ಸ್’. ಯಂತ್ರದ ಮೂಲಕ ಇಂಗ್ಲಿಷ್ ದಾಟಿ ಬರುವಾಗ ಇಂಥ ಒಳ್ಳೆಯ ಜೋಡಿಗಳು ಕಳೆದುಹೋಗುತ್ತವೆ.

ಕನ್ನಡವೇ ಕೈಕೊಡುವ ಜಾಗಗಳೂ ಇವೆ, ಅವನ್ನು ಗುರುತು ಹಾಕಿಕೊಳ್ಳಿ. ‘ಕೇಳು’ ಅಂಥದ್ದು. ಪ್ರಶ್ನೆ ಕೇಳುವುದು ಸ್ಪೊರ್ಗೆ, ಏನನ್ನಾದರೂ ಕೊಡಿ ಎಂದು ಕೇಳುವುದು ಬೇಡೆ ಒಮ್, ಕಿವಿಗೆ ಬೀಳುವುದು ಹೊರೆ, ಗಮನವಿಟ್ಟು ಆಲಿಸುವುದು ಲೂಟ್ಟೆ. ಇಂಗ್ಲಿಷಿನ ಆಸ್ಕ್ ಮೊದಲ ಎರಡನ್ನು ಒಂದುಗೂಡಿಸುತ್ತದೆ, ಕನ್ನಡ ನಾಲ್ಕನ್ನೂ. ಆದ್ದರಿಂದ ಅರ್ಥದ ಕಾಲಂನಲ್ಲಿ ಬರೀ ‘ಕೇಳು’ ಎಂದು ಬರೆಯಬೇಡಿ, ‘ಪ್ರಶ್ನೆ ಕೇಳು’, ‘ಬೇಡು’ ಎಂದು ಬಿಡಿಸಿ ಬರೆಯಿರಿ.

ಪುಟ್ ಇನ್ನೂ ಕಠಿಣ. ಕನ್ನಡದಲ್ಲೂ ‘ಇಡು’ ಒಂದೇ, ಇಂಗ್ಲಿಷಿನಲ್ಲೂ ಒಂದೇ. ಡೇನಿಶ್ ಕೇಳುವುದು ವಸ್ತು ಹೇಗೆ ಕೂರುತ್ತದೆ ಎಂದು. ಮಲಗಿಸಿ ಇಟ್ಟರೆ ಲೆಗ್ಗೆ, ನಿಲ್ಲಿಸಿ ಇಟ್ಟರೆ ಸ್ಟಿಲ್ಲೆ, ಕೂರಿಸಿದರೆ ಅಥವಾ ಸಿಕ್ಕಿಸಿದರೆ ಸೆಟ್ಟೆ, ಒಳಗೆ ತುರುಕಿದರೆ ಪುಟ್ಟೆ. ಇಟ್ಟ ಮೇಲೆ ಇರುವ ಸ್ಥಿತಿಗೆ ಲಿಗ್ಗೆ, ಸ್ಟೋ, ಸಿಡ್ಡೆ. ಪುಸ್ತಕ ಮೇಜಿನ ಮೇಲೆ ಮಲಗಿದ್ದರೆ ಲಿಗ್ಗರ್, ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತಿದ್ದರೆ ಸ್ಟೋರ್. ಚಪ್ಪಟೆಯಾಗಿದ್ದರೂ ತಟ್ಟೆಗೆ ತಳವಿರುವುದರಿಂದ ಅದು ‘ನಿಲ್ಲುತ್ತದೆ’. ಬೀಗದಲ್ಲಿರುವ ಕೀಲಿ ‘ಕೂತಿರುತ್ತದೆ’. ಊರು ‘ಮಲಗಿರುತ್ತದೆ’. ಪತ್ರಿಕೆಯಲ್ಲಿ ಬರೆದಿರುವ ಸುದ್ದಿ ‘ನಿಂತಿರುತ್ತದೆ’: ‘ಡೆರ್ ಸ್ಟೋರ್ ಇ ಅವೀಸೆನ್’. ಈ ಏಳಕ್ಕೂ ಚಿತ್ರವೋ ವಾಕ್ಯವೋ ಇಲ್ಲದೆ ಪಟ್ಟಿಯಲ್ಲಿ ಜಾಗ ಕೊಡಬೇಡಿ. ಕಲಿಯುವವರು ಲೆಗ್ಗೆ ಮತ್ತು ಲಿಗ್ಗೆಯ ಭೂತರೂಪಗಳಲ್ಲಿ ಮುಗ್ಗರಿಸುವುದೇ ಹೆಚ್ಚು: ಲೆಗ್ಗೆಗೆ ಲಾಗ್ಡೆ, ಲಿಗ್ಗೆಗೆ ಲೋ.

ನೀವು ಕೇಳಿದ ಥಿಂಕ್: ‘ಯೋಚಿಸು’ ಟೆಂಕೆ, ‘ಅಂದುಕೊ’ ಟ್ರೊ, ‘ಅನ್ನಿಸುತ್ತದೆ’ ಸೂನೆಸ್, ‘ಅಭಿಪ್ರಾಯಪಡು’ ಮೇನೆ.


ಹಿಮ್ಮುಖ:

ಅರ್ಥಜಾಡು ಅವರ ಕೊನೆಯ ಸಾಲಿಗೆ ಒಂದು ತಿದ್ದುಪಡಿ ಬೇಕು. ‘ಅನ್ನಿಸುತ್ತದೆ’ ಎಂದರೆ ಸೂನೆಸ್ ಎಂದು ಕಣ್ಣುಮುಚ್ಚಿ ಬರೆದರೆ ಎಡವುತ್ತೇವೆ. ‘ಇವತ್ತು ಮಳೆ ಬರುತ್ತೆ ಅನ್ನಿಸುತ್ತೆ’ ಎಂದೂ ನಾವು ಹೇಳುತ್ತೇವೆ. ಅದು ಊಹೆ, ಅದಕ್ಕೆ ಟ್ರೊ. ‘ಈ ಚಿತ್ರ ಚೆನ್ನಾಗಿದೆ ಅನ್ನಿಸುತ್ತೆ’ ಎಂಬುದು ನೋಡಿದ ಮೇಲಿನ ರುಚಿಯ ಮಾತು, ಅದಕ್ಕೆ ಸೂನೆಸ್.

ಪರೀಕ್ಷೆ ಸರಳ. ಹೇಳಿದ್ದು ಮುಂದೆ ನಿಜವೋ ಸುಳ್ಳೋ ಎಂದು ಗೊತ್ತಾಗುವಂತಿದ್ದರೆ ಟ್ರೊ. ಯಾರೂ ಸುಳ್ಳೆಂದು ಸಾಧಿಸಲಾಗದ, ಹೇಳುವವರ ಅನುಭವಕ್ಕೆ ಸೇರಿದ್ದಾದರೆ ಸೂನೆಸ್. ಚಿತ್ರವನ್ನು ಇನ್ನೂ ನೋಡಿಲ್ಲ, ಚೆನ್ನಾಗಿರಬಹುದು ಎಂದುಕೊಂಡಿದ್ದರೆ ಮತ್ತೆ ಟ್ರೊ. ನೋಡದ ಚಿತ್ರದ ಬಗ್ಗೆ ಸೂನೆಸ್ ಬಳಸಿದರೆ, ನೋಡಿದ್ದೀರಿ ಎಂದೇ ಕೇಳುವವರು ತಿಳಿಯುತ್ತಾರೆ. ಮೇನೆ ವಾದಕ್ಕೆ ನಿಲ್ಲುವ ನಿಲುವಿಗೆ, ಜೊತೆಗೆ ‘ಹೇಳಬೇಕೆಂದಿದ್ದು ಇದು’ ಎಂಬ ಅರ್ಥಕ್ಕೂ. ಟೆಂಕೆ ತಲೆಯೊಳಗೆ ನಡೆಯುವ ಕೆಲಸ. ಯಾರನ್ನಾದರೂ ನೆನೆಯುವುದಕ್ಕೆ ‘ಟೆಂಕೆ ಪೊ’.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹುಸಿ ಗೆಳೆಯ ಪದಗಳ ದೊಡ್ಡ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ ಅರ್ಧಕ್ಕರ್ಧ ನಗು ತರಿಸುವವು, ಆದರೆ ಅಪಾಯವಿಲ್ಲದವು. ಬಾರ್ನ್ ಡೇನಿಶಿನಲ್ಲಿ ಮಗು, ಬಾಡ್ ಸ್ನಾನ, ಫಾರ್ಟ್ ವೇಗ, ಸ್ಲುಟ್ ಮುಕ್ತಾಯ, ಗಿಫ್ಟ್ ಎಂದರೆ ವಿಷ ಮತ್ತು ವಿವಾಹಿತ ಎರಡೂ. ಒಮ್ಮೆ ಓದಿದರೆ ಇವು ಮರೆಯುವುದಿಲ್ಲ, ಸಂದರ್ಭವೂ ಕಾಪಾಡುತ್ತದೆ. ಕಾಡುವವು ಬೇರೆ: ತಪ್ಪು ಅರ್ಥ ಹಾಕಿದರೂ ವಾಕ್ಯ ಸರಿಯಾಗಿಯೇ ಕಾಣುವಂಥವು.

ಅವುಗಳಲ್ಲಿ ಮೊದಲನೆಯದು ಎವೆಂಟುಎಲ್ಟ್. ಇಂಗ್ಲಿಷಿನ ಇವೆಂಚುಯಲಿ ಎಂದರೆ ಕೊನೆಗೆ, ತಡವಾಗಿಯಾದರೂ ಖಂಡಿತ. ಡೇನಿಶ್ ಎವೆಂಟುಎಲ್ಟ್ ಎಂದರೆ ‘ಬಹುಶಃ, ಸಾಧ್ಯವಾದರೆ’. ಬರುತ್ತೇನೆ ಎಂಬ ಭರವಸೆಯನ್ನು ಬಂದರೂ ಬರಬಹುದು ಎಂದು ಮಾಡಿಬಿಡುತ್ತದೆ. ಪಟ್ಟಿಯಲ್ಲಿ ಇವೆಂಚುಯಲಿಗೆ ‘ಟಿಲ್ ಸಿಡ್ಸ್ಟ್’ ಬರೆಯಿರಿ, ಮೆಲ್ಲಮೆಲ್ಲನೆ ಆಗುವುದಾದರೆ ‘ಎಫ್ಟರ್‌ಹೊಂಡೆನ್’. ಸಭೆಯ ಕಾರ್ಯಸೂಚಿಯ ಕೊನೆಯಲ್ಲಿ ಎವೆಂಟುಎಲ್ಟ್ ಎಂದಿದ್ದರೆ ಅದು ‘ಇತರ ವಿಷಯಗಳು’.

ಎರಡನೆಯದು ಆಕ್ಟುಎಲ್. ಅರ್ಥ ‘ಸದ್ಯದ, ಈಗ ಚಾಲ್ತಿಯಲ್ಲಿರುವ’. ಇಂಗ್ಲಿಷಿನ ಆಕ್ಚುಯಲ್‌ಗೆ ವಿರ್ಕೆಲಿಗ್ ಅಥವಾ ಫಾಕ್ಟಿಸ್ಕ್. ಒಂದು ಮೊತ್ತವನ್ನು ‘ವಾಸ್ತವ ವೆಚ್ಚ’ ಎನ್ನುವ ಬದಲು ‘ಸದ್ಯದ ವೆಚ್ಚ’ ಎಂದರೆ ಓದುವವರಿಗೆ ಅನುಮಾನವೇ ಬರುವುದಿಲ್ಲ, ಅದೇ ಭಯ.

ಕ್ರಿಯಾಪದಗಳಲ್ಲಿ ಓವರ್‌ಸೇ, ಓವರ್‌ಟಾಗೆ. ಓವರ್‌ಸೇ ಎಂದರೆ ಗಮನಿಸದೆ ಬಿಟ್ಟುಬಿಡು. ಇಂಗ್ಲಿಷಿನ ಓವರ್‌ಸೀ, ಅಂದರೆ ಮೇಲ್ವಿಚಾರಣೆ ಮಾಡು, ಅದಕ್ಕೆ ‘ಫೊರೆ ಟಿಲ್‌ಸೂನ್ ಮೆಡ್’. ಅರ್ಥ ಪೂರಾ ತಿರುಗುಮುರುಗು. ಓವರ್‌ಟಾಗೆ ಎಂದರೆ ವಹಿಸಿಕೊಳ್ಳು. ರಸ್ತೆಯಲ್ಲಿ ಮುಂದಿನ ವಾಹನವನ್ನು ಹಿಂದೆ ಹಾಕುವುದು ಓವರ್‌ಹಾಲೆ. ಸೆಲ್ವ್‌ಬೆವಿಡ್ಸ್ಟ್ ಎಂದರೆ ಆತ್ಮವಿಶ್ವಾಸಿ. ಇಂಗ್ಲಿಷಿನ ಸೆಲ್ಫ್ ಕಾನ್ಷಿಯಸ್ ಎಂಬ ಸಂಕೋಚಕ್ಕೆ ಗೆನೇರ್ಟ್. ಇದೂ ತಿರುಗುಮುರುಗೇ.

ನಾಮಪದಗಳಲ್ಲಿ: ಶೆಫ್ ಎಂದರೆ ಮೇಲಧಿಕಾರಿ, ಅಡುಗೆಯವರು ಕೊಕ್. ನೊವೆಲ್ಲೆ ಸಣ್ಣಕಥೆ, ಕಾದಂಬರಿ ರೋಮಾನ್. ಫಾಬ್ರಿಕ್ ಕಾರ್ಖಾನೆ, ಬಟ್ಟೆ ಸ್ಟೊಫ್. ಫೂಸಿಕರ್ ಭೌತವಿಜ್ಞಾನಿ, ವೈದ್ಯರು ಲೆಗೆ. ಗೂಮ್ನಾಸಿಉಮ್ ಪ್ರೌಢಶಿಕ್ಷಣದ ಮೇಲಿನ ಹಂತದ ಶಾಲೆ, ವ್ಯಾಯಾಮದ ಜಾಗವಲ್ಲ. ಸ್ಕೂ ಮೋಡ, ಆಕಾಶ ಹಿಮ್ಮೆಲ್. ಮೇನಿಂಗ್ ಅಭಿಪ್ರಾಯವೂ ಹೌದು, ಉದ್ದೇಶವೂ ಹೌದು. ಆದರೆ ಪದದ ಅರ್ಥಕ್ಕೆ ಬೆಟೂಡ್ನಿಂಗ್. ನಿಮ್ಮ ಪಟ್ಟಿಯ ಎರಡನೆಯ ಕಾಲಂನ ತಲೆಬರಹವೇ ಬೆಟೂಡ್ನಿಂಗ್ ಆಗಬೇಕು. ರೆಂಟೆ ಎಂದರೆ ಬಡ್ಡಿ, ಮನೆಬಾಡಿಗೆ ಹೂಸ್‌ಲೈಯೆ. ಬಾಡಿಗೆಗೆ ತೆಗೆದುಕೊಳ್ಳುವುದು ಲೈಯೆ, ಬಾಡಿಗೆಗೆ ಕೊಡುವುದು ಊಡ್‌ಲೈಯೆ. ಇಂಗ್ಲಿಷಿನ ರೆಂಟ್ ಎರಡನ್ನೂ ನುಂಗಿದೆ.

ಟೀಮೆ ಎಂದರೆ ಒಂದು ಗಂಟೆ ಅಥವಾ ಪಾಠದ ಅವಧಿ. ಸಮಯ ಟೀಡ್, ‘ಮೂರು ಸಲ’ ಎನ್ನುವಾಗಿನ ಸಲ ಗಾಂಗ್.

ಸಂಖ್ಯೆಗಳಿಗೆ ಪ್ರತ್ಯೇಕ ಹಾಳೆಯೇ ಇರಲಿ, ಏಕೆಂದರೆ ಇಲ್ಲಿನ ತಪ್ಪು ಸಾವಿರ ಪಟ್ಟು ದೊಡ್ಡದು. ಇಂಗ್ಲಿಷಿನ ಬಿಲಿಯನ್, ಅಂದರೆ 100 ಕೋಟಿ, ಡೇನಿಶಿನಲ್ಲಿ ಮಿಲಿಯಾರ್ಡ್. ಇಂಗ್ಲಿಷಿನ ಟ್ರಿಲಿಯನ್, ಅಂದರೆ ಲಕ್ಷ ಕೋಟಿ, ಡೇನಿಶಿನಲ್ಲಿ ಬಿಲಿಯೋನ್. ಸಾವಿರದ ಗುರುತು ಚುಕ್ಕಿ, ದಶಮಾಂಶದ ಗುರುತು ಅಲ್ಪವಿರಾಮ: ನಮ್ಮ 1,500.75 ಅಲ್ಲಿ 1.500,75.

ಗಂಟೆ ಹೇಳುವಾಗ ‘ಹಾಲ್ವ್ ಟ್ರೇ’ ಎಂದರೆ ಎರಡೂವರೆ. ಟ್ರೇ ಎಂದರೆ ಮೂರು. ಮೂರನೆಯ ಗಂಟೆಯ ಅರ್ಧ ಎಂಬ ಲೆಕ್ಕ. ಬ್ರಿಟಿಷ್ ಆಡುಮಾತಿನ ‘ಹಾಫ್ ಥ್ರೀ’ ಮೂರೂವರೆ, ಹಾಗಾಗಿ ಇಂಗ್ಲಿಷ್ ಮೂಲಕ ಬಂದವರು ಒಂದು ಗಂಟೆ ತಡವಾಗುತ್ತಾರೆ. ಇದೇ ಲೆಕ್ಕ ಹತ್ತುಗಳಲ್ಲೂ ಅಡಗಿದೆ. 50 ಎಂಬ ಹಾಲ್‌ಟ್ರೆಸ್ ‘ಮೂರನೆಯದರ ಅರ್ಧ’, ಅಂದರೆ ಎರಡೂವರೆ ಇಪ್ಪತ್ತು. 60 ಟ್ರೆಸ್, ಮೂರು ಇಪ್ಪತ್ತು. 70 ಹಾಲ್‌ಫ್ಯೆರ್ಸ್, ಮೂರೂವರೆ ಇಪ್ಪತ್ತು. 80 ಫೀರ್ಸ್, 90 ಹಾಲ್‌ಫೆಮ್ಸ್. ಬಿಡಿಸ್ಥಾನ ಮೊದಲು ಬರುತ್ತದೆ: 92 ಎಂದರೆ ‘ಟೋ ಒ ಹಾಲ್‌ಫೆಮ್ಸ್’, ಎರಡು ಮತ್ತು ತೊಂಬತ್ತು. ‘ಒಟ್ಟೆ ಡಾಗೆ’ ಅಕ್ಷರಶಃ ಎಂಟು ದಿನ, ಬಳಕೆಯಲ್ಲಿ ಒಂದು ವಾರ. 24 ಗಂಟೆಗಳ ಪೂರ್ತಿ ದಿನಕ್ಕೆ ಡೋಗ್ನ್ ಎಂಬ ಬೇರೆ ಪದವೇ ಇದೆ, ಡಾಗ್ ಸಾಮಾನ್ಯವಾಗಿ ಹಗಲು ಅಥವಾ ದಿನ. ಔಷಧಿ ಚೀಟಿಯಲ್ಲಿ, ಬಾಡಿಗೆ ಕರಾರಿನಲ್ಲಿ ಡೋಗ್ನ್ ಕಂಡರೆ ರಾತ್ರಿಯೂ ಸೇರಿತು ಎಂದು ತಿಳಿಯಿರಿ.

ಕೊನೆಯದಾಗಿ, ಇಂಗ್ಲಿಷ್ ಎಂದರೆ ಯಾವ ಇಂಗ್ಲಿಷ್ ಎಂದು ಪಟ್ಟಿಯ ತಲೆಯಲ್ಲೇ ಬರೆದುಕೊಳ್ಳಿ. ಬ್ರಿಟನ್ನಿನ ಫಸ್ಟ್ ಫ್ಲೋರ್ ಡೇನಿಶಿನಲ್ಲಿ ‘1. ಸಾಲ್’, ಅಮೆರಿಕದ ಫಸ್ಟ್ ಫ್ಲೋರ್ ಸ್ಟೂಎನ್, ಅಂದರೆ ನೆಲಮಹಡಿ. ಅಮೆರಿಕದ ಕಾರ್ನ್ ಮೆಕ್ಕೆಜೋಳ, ಡೇನಿಶಿನಲ್ಲಿ ಮೈಸ್. ಬ್ರಿಟನ್ನಿನಲ್ಲಿ ಅದೇ ಪದ ಧಾನ್ಯಕ್ಕೂ ಸಲ್ಲುತ್ತದೆ, ಡೇನಿಶ್ ಕೊರ್ನ್ ಕೂಡ ಧಾನ್ಯವೇ.


ಪದಜೋಳಿಗೆ:

ಇಬ್ಬರಿಗೂ ಧನ್ಯವಾದ. ಸಾಲುಗಳನ್ನು ಅರ್ಥಕ್ಕೊಂದರಂತೆ ಒಡೆಯುತ್ತೇನೆ. ಮೂರನೆಯ ಪ್ರಶ್ನೆ ಹಾಗೇ ಉಳಿದಿದೆ. ನಾಮಪದ, ಕ್ರಿಯಾಪದಗಳಿಗೆ ಏನೇನು ಸೇರಿಸಬೇಕು? ಯಾವ ನಿಘಂಟಿನಲ್ಲಿ ಪರೀಕ್ಷಿಸಬೇಕು? ಪ್ಲೀಸ್ ಎಂಬುದಕ್ಕೆ ಡೇನಿಶ್ ಪದವೇ ಸಿಗುತ್ತಿಲ್ಲ, ಅಲ್ಲಿ ಏನು ಬರೆಯಲಿ? ಇನ್ನೂ ಒಂದು ಕಷ್ಟ: ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಡೇನಿಶಿನ ವಿಶೇಷ ಅಕ್ಷರಗಳು ಕೆಟ್ಟು ಕಾಣುತ್ತವೆ.


ಕಡತಗಾರ:

ಮೊದಲು ಕಡತ. ಒಂದೇ ಅಕ್ಷರದ ಜಾಗದಲ್ಲಿ ಎರಡು ವಿಚಿತ್ರ ಚಿಹ್ನೆ ಕಾಣುತ್ತಿದ್ದರೆ, ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಸಂಕೇತವಾಗಿ ಉಳಿಸುವ ಪದ್ಧತಿ) ಉಳಿಸಿದ್ದನ್ನು ಹಳೆಯ ಪಾಶ್ಚಾತ್ಯ ಎನ್‌ಕೋಡಿಂಗ್‌ನಲ್ಲಿ ತೆರೆದಿದ್ದೀರಿ. ಕಡತ ಕೆಟ್ಟಿಲ್ಲ, ಮತ್ತೆ ಯುಟಿಎಫ್-8 ಎಂದು ಆರಿಸಿ ಆಮದು ಮಾಡಿಕೊಳ್ಳಿ. ಆ ಸ್ಥಿತಿಯಲ್ಲಿ ‘ಉಳಿಸು’ ಒತ್ತಲೇಬೇಡಿ. ಹಳೆಯ ಎನ್‌ಕೋಡಿಂಗ್‌ನಲ್ಲಿ ಉಳಿಸಿದರೆ ಡೇನಿಶ್ ಅಕ್ಷರಗಳು ಉಳಿದರೂ ಉಳಿಯಬಹುದು, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಅದು ವಾಪಸು ಬರುವುದಿಲ್ಲ. ಕಾಲಂಗಳ ನಡುವೆ ಅಲ್ಪವಿರಾಮದ ಬದಲು ಟ್ಯಾಬ್ ಇಡಿ. ಡೇನಿಶ್ ಸೆಟ್ಟಿಂಗ್ ಇರುವ ಗಣಕಗಳಲ್ಲಿ ಅಲ್ಪವಿರಾಮ ದಶಮಾಂಶದ ಗುರುತಾದ್ದರಿಂದ ಎಕ್ಸೆಲ್ ಅಲ್ಲಿ ಅರ್ಧವಿರಾಮದಿಂದ ಕಾಲಂ ಒಡೆಯುತ್ತದೆ, ನಿಮ್ಮ ಕಡತ ಒಂದೇ ಕಾಲಂಗೆ ಸುರಿದುಬೀಳುತ್ತದೆ.

ಡೇನಿಶ್ ವರ್ಣಮಾಲೆಯಲ್ಲಿ 29 ಅಕ್ಷರ. ಎ ಮತ್ತು ಇ ಬೆಸೆದದ್ದು, ಅಡ್ಡಗೀಟಿನ ಒ, ತಲೆಯ ಮೇಲೆ ಸೊನ್ನೆಯಿರುವ ಎ, ಈ ಮೂರೂ ಕೊನೆಯಲ್ಲಿ, ಇದೇ ಕ್ರಮದಲ್ಲಿ ಬರುತ್ತವೆ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ಅಂಕಿಫಲಕದಲ್ಲಿ ಕ್ರಮವಾಗಿ 0230, 0248, 0229 ಒತ್ತಿದರೆ ಚಿಕ್ಕಕ್ಷರ, 0198, 0216, 0197 ಒತ್ತಿದರೆ ದೊಡ್ಡಕ್ಷರ. ಎ ತಲೆಯ ಮೇಲಿನ ಸೊನ್ನೆಯನ್ನು ಬಿಟ್ಟು ಬರೀ ಎ ಬರೆದರೆ ಬೇರೆಯೇ ಪದವಾಗುತ್ತದೆ: ದೋಣಿ ಸ್ನಾನವಾಗುತ್ತದೆ, ಕುರಿ ತಂದೆಯಾಗುತ್ತದೆ. ಅನಿವಾರ್ಯವಾದರೆ ಎಇ, ಒಇ, ಎಎ ಎಂಬ ಜೋಡಿ ಅಕ್ಷರಗಳೇ ಒಪ್ಪಿತ ಬದಲಿ.

ಇನ್ನೊಂದು ಅಡಗಿದ ತೊಂದರೆ. ಸೊನ್ನೆಯ ಎ ಯೂನಿಕೋಡಿನಲ್ಲಿ ಎರಡು ರೀತಿ ಇರಬಲ್ಲದು: ಒಂದೇ ಸಂಕೇತವಾಗಿ, ಅಥವಾ ಎ ಮತ್ತು ಪ್ರತ್ಯೇಕ ಸೊನ್ನೆಯಾಗಿ. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ಬೇರೆ ಬೇರೆ ಕಡೆಯಿಂದ ಅಂಟಿಸಿದ ಪಟ್ಟಿಗಳಲ್ಲಿ ಒಂದೇ ಪದ ಎರಡು ಸಲ ನುಸುಳಲು ಇದೂ ಕಾರಣ. ಇಡೀ ಕಡತವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೂಪಕ್ಕೆ, ತಂದರೆ ಸರಿಹೋಗುತ್ತದೆ. ಉಳಿದೆರಡು ಅಕ್ಷರಗಳಿಗೆ ಈ ಇಬ್ಬಗೆ ಇಲ್ಲ.

ಈಗ ಕಾಲಂಗಳು. ನಾಮಪದಕ್ಕೆ ನಾಲ್ಕು ರೂಪ ಬೇಕೇ ಬೇಕು: ‘ಎಟ್ ಹೂಸ್, ಹೂಸೆಟ್, ಹೂಸೆ, ಹೂಸೆನೆ’, ಅಂದರೆ ಒಂದು ಮನೆ, ಆ ಮನೆ, ಮನೆಗಳು, ಆ ಮನೆಗಳು. ಇಂಗ್ಲಿಷಿನ ‘ದ’ ಡೇನಿಶಿನಲ್ಲಿ ಪದದ ಬಾಲವಾಗುತ್ತದೆ. ‘ಒಂದು’ ಎನ್ನಲು ಪದದ ಮುಂದೆ ಎನ್ ಬರುತ್ತದೋ ಎಟ್ ಬರುತ್ತದೋ, ಅಂದರೆ ಪದದ ಲಿಂಗ ಯಾವುದು ಎಂಬುದು ಅರ್ಥದಿಂದ ಹೊಳೆಯುವುದಿಲ್ಲ, ಆದ್ದರಿಂದ ಅದನ್ನು ಪದದ ಭಾಗವೆಂದೇ ಕಲಿಯಬೇಕು. ಹೆಚ್ಚಿನವು ಎನ್ ಗುಂಪಿನವು. ಲಿಂಗ ಬದಲಾದರೆ ಅರ್ಥವೇ ಬದಲಾಗುವವೂ ಇವೆ: ‘ಎನ್ ನೊಯ್ಲೆ’ ಕೀಲಿ, ‘ಎಟ್ ನೊಯ್ಲೆ’ ನೂಲಿನ ಉಂಡೆ. ಬಹುವಚನದಲ್ಲಿ ಸ್ವರ ಬದಲಾಗುವವಕ್ಕೆ ಬಣ್ಣ ಹಚ್ಚಿಡಿ: ಬೋಗ್ ಎಂಬ ಪುಸ್ತಕ ಬೋಗರ್ ಆಗುವಾಗ ಕಾಗುಣಿತದಲ್ಲಿ ಸಾದಾ ಒ ಹೋಗಿ ಅಡ್ಡಗೀಟಿನ ಒ ಬರುತ್ತದೆ, ಕನ್ನಡ ಲಿಪಿಯಲ್ಲಿ ಅದು ಕಾಣುವುದೇ ಇಲ್ಲ. ಪಟ್ಟಿಯ ಡೇನಿಶ್ ಕಾಲಂ ಮೂಲ ಲಿಪಿಯಲ್ಲೇ ಇರಬೇಕು ಎನ್ನುವುದು ಇದಕ್ಕೇ.

ಕ್ರಿಯಾಪದಕ್ಕೆ ಮೂಲರೂಪ, ವರ್ತಮಾನ, ಭೂತ, ಪೂರ್ಣ ಈ ನಾಲ್ಕು: ‘ಸ್ಕ್ರೀವೆ, ಸ್ಕ್ರೀವರ್, ಸ್ಕ್ರೇವ್, ಹಾರ್ ಸ್ಕ್ರೇವೆಟ್’. ಜೊತೆಗೆ ಬರುವ ಅವ್ಯಯವನ್ನು ಬೇರೆ ಸಾಲಾಗಿಯೇ ಇಡಿ. ಫಿಂಡೆ ಹುಡುಕಿ ಪಡೆ, ‘ಫಿಂಡೆ ಊಡ್ ಆಫ್’ ವಿಚಾರಿಸಿ ತಿಳಿ, ‘ಫಿಂಡೆ ಪೊ’ ಹೊಸದಾಗಿ ಕಲ್ಪಿಸು. ಗೋ ಎಂಬ ಇಂಗ್ಲಿಷ್ ಪದಕ್ಕೆ ಗೋ ಎಂದೇ ಬರೆದುಬಿಡುವುದು ಸಾಮಾನ್ಯ ತಪ್ಪು: ಡೇನಿಶಿನದು ಮುಖ್ಯವಾಗಿ ನಡೆದು ಹೋಗುವುದು. ವಾಹನದಲ್ಲಾದರೆ ಕೊರೆ, ರೈಲು ವಿಮಾನವಾದರೆ ಟಾಗೆ, ಪ್ರಯಾಣವಾದರೆ ರೈಸೆ.

ಚೇಂಜ್‌ಗೆ ನಿಮ್ಮಲ್ಲಿ ಎಷ್ಟು ಸಾಲಿದೆ? ಕಡಿಮೆಯೆಂದರೂ ಐದು ಬೇಕು. ಒಂದನ್ನು ತೆಗೆದು ಇನ್ನೊಂದು ಹಾಕುವುದು ಸ್ಕಿಫ್ಟೆ (ಬಟ್ಟೆ, ರೈಲು, ಬಲ್ಬು), ಇದ್ದದ್ದನ್ನೇ ತಿದ್ದುವುದು ಎಂಡ್ರೆ (ಯೋಜನೆ, ದಿನಾಂಕ), ಒಂದು ದೇಶದ ಹಣ ಕೊಟ್ಟು ಇನ್ನೊಂದರದು ಪಡೆಯುವುದು ವೆಕ್ಸ್‌ಲೆ, ಅಂಗಡಿಯವರು ಹಿಂದಿರುಗಿಸುವ ಚಿಲ್ಲರೆ ಬೂಟ್ಟೆಪೆಂಗೆ, ಜೇಬಿನ ಬಿಡಿ ನಾಣ್ಯ ಸ್ಮೋಪೆಂಗೆ.

ಸಮಾಸಪದಗಳನ್ನು ಬಿಡಿಸಿ ಬರೆಯಬೇಡಿ. ಇಂಗ್ಲಿಷ್ ಜಾಗ ಬಿಡುತ್ತದೆ, ಡೇನಿಶ್ ಕೂಡಿಸುತ್ತದೆ. ಡಾನ್ಸ್ಕ್‌ಲೇರರ್ ಕೂಡಿಸಿದರೆ ಡೇನಿಶ್ ಭಾಷೆಯ ಶಿಕ್ಷಕ, ಬಿಡಿಸಿದರೆ ಡೆನ್ಮಾರ್ಕ್ ಮೂಲದ ಶಿಕ್ಷಕ. ಅವರು ಕಲಿಸುವುದು ಗಣಿತವೇ ಇರಬಹುದು. ಸಮಾಸದ ಲಿಂಗ ಕೊನೆಯ ಪದದ್ದು.


ಅರ್ಥಜಾಡು:

ನಿಘಂಟಿನ ಬಗ್ಗೆ. ಡೆನ್ ಡಾನ್ಸ್ಕೆ ಓರ್ಡ್‌ಬೋಗ್ ಅಂತರ್ಜಾಲದಲ್ಲಿ ಉಚಿತ, ಡೇನಿಶ್ ಭಾಷೆ ಮತ್ತು ಸಾಹಿತ್ಯ ಸಂಘದ್ದು. ಇದು ಡೇನಿಶ್–ಡೇನಿಶ್ ನಿಘಂಟು, ಹಾಗಾಗಿ ಅನುವಾದ ಹುಡುಕಲು ಅಲ್ಲ, ಪರೀಕ್ಷಿಸಲು. ಪ್ರತಿ ಪದಕ್ಕೂ ರೂಪಗಳು, ಅರ್ಥಕ್ಕೊಂದು ಸಂಖ್ಯೆ, ಉದಾಹರಣೆ ಇವೆ. ಬಹಳಷ್ಟು ಪದಗಳಿಗೆ ಧ್ವನಿಯೂ ಇದೆ. ಅಧಿಕೃತ ಕಾಗುಣಿತಕ್ಕೆ ಡಾನ್ಸ್ಕ್ ಸ್ಪ್ರೋಗ್‌ನೆವ್ನ್ ಹೊರತರುವ ರೆಟ್‌ಸ್ಕ್ರೀವ್ನಿಂಗ್ಸ್‌ಓರ್ಡ್‌ಬೋಗೆನ್ ನೋಡಿ, ಆ ಭಾಷಾ ಮಂಡಳಿ 1955ರಲ್ಲಿ ಸ್ಥಾಪನೆಯಾದದ್ದು. ಹಳೆಯ ಪುಸ್ತಕದಿಂದ ಆರಿಸಿದ ಪದಗಳಲ್ಲಿ ಜೋಡಿ ಎಎ, ದೊಡ್ಡಕ್ಷರದಿಂದ ಶುರುವಾಗುವ ಸಾಮಾನ್ಯ ನಾಮಪದ ಕಂಡರೆ ಅದು 1948ರ ಸುಧಾರಣೆಗೆ ಮುಂಚಿನ ಕಾಗುಣಿತ. 1700ರಿಂದ 1950ರವರೆಗಿನ ಭಾಷೆಗೆ 28 ಸಂಪುಟಗಳ ಓರ್ಡ್‌ಬೋಗ್ ಓವರ್ ಡೆಟ್ ಡಾನ್ಸ್ಕೆ ಸ್ಪ್ರೋಗ್ ಇದೆ, ಅದೂ ಅಂತರ್ಜಾಲದಲ್ಲಿದೆ.

ಪರೀಕ್ಷೆಯ ಕ್ರಮ ಹೀಗಿರಲಿ. ಇಂಗ್ಲಿಷ್ ಪದವನ್ನು ವಾಕ್ಯದೊಳಗಿಟ್ಟು ಡೇನಿಶ್ ಅಭ್ಯರ್ಥಿಗಳನ್ನು ಪಡೆಯಿರಿ. ಪ್ರತಿಯೊಂದನ್ನೂ ನಿಘಂಟಿನಲ್ಲಿ ತೆರೆದು ನಿಮ್ಮ ಅರ್ಥಕ್ಕೆ ಹೊಂದುವ ಸಂಖ್ಯೆ ಯಾವುದೆಂದು ನೋಡಿ, ಆ ಸಂಖ್ಯೆಯನ್ನೂ ಪಟ್ಟಿಯಲ್ಲಿ ದಾಖಲಿಸಿ. ಆಮೇಲೆ ಡೇನಿಶಿನಿಂದ ಹಿಂದಕ್ಕೆ ಇಂಗ್ಲಿಷಿಗೆ ಹೋಗಿ. ಬೇರೆ ಪದ ಬಂದರೆ ಆ ಸಾಲು ಅನುಮಾನದ್ದು. ಹಿಂದಕ್ಕೆ ಹೋದಾಗ ಡೇನಿಶ್ ಒಂದುಗೂಡಿಸುವ ಕಡೆಗಳೂ ಬಯಲಾಗುತ್ತವೆ: ಲೇರೆ ಎಂದರೆ ಕಲಿ ಮತ್ತು ಕಲಿಸು ಎರಡೂ, ಲೋನೆ ಎಂದರೆ ಎರವಲು ಪಡೆ ಮತ್ತು ಕೊಡು ಎರಡೂ. ಕೊಡುವುದು ಎಂದು ಸ್ಪಷ್ಟಪಡಿಸಲು ‘ಲೋನೆ ಊಡ್’.

ಪ್ಲೀಸ್‌ಗೆ ಒಂದೇ ಪದವಿಲ್ಲ, ವಾಕ್ಯದ ಮಾದರಿಗಳನ್ನೇ ಬರೆಯಿರಿ. ಏನನ್ನಾದರೂ ಕೇಳಿ ಪಡೆಯುವಾಗ ‘ಮೋ ಯೈ ಬೇಡೆ ಒಮ್’, ಫಲಕದ ಬರಹಕ್ಕೆ ‘ವೇರ್ ವೆನ್‌ಲಿಗ್ ಅಟ್’. ಏನಾದರೂ ಬೇಕೇ ಎಂದು ಕೇಳಿದಾಗ ‘ಯೆಸ್, ಪ್ಲೀಸ್’ ಎನ್ನುವಲ್ಲಿ ‘ಯಾ ಟಾಕ್’; ಟಾಕ್ ಎಂದರೆ ಧನ್ಯವಾದ. ವಸ್ತು ಕೈಗಿಡುತ್ತ ನಾವು ‘ತಗೊಳ್ಳಿ’ ಎನ್ನುವ ಜಾಗದಲ್ಲಿ ಅವರ ಮಾತು ವೇರ್ಸ್‌ಗೋ.


ಹಿಮ್ಮುಖ:

ಯೆಸ್ ಎಂಬ ಸಾಲನ್ನೂ ಒಡೆಯಿರಿ. ಸಾಮಾನ್ಯ ಪ್ರಶ್ನೆಗೆ ಯಾ, ನಕಾರದ ಪ್ರಶ್ನೆಯನ್ನು ಅಲ್ಲಗಳೆಯಲು ಯೋ. ‘ನೀನು ಬರುವುದಿಲ್ಲವೇ?’ ಎಂದರೆ, ಬರುವವರು ಯೋ ಎನ್ನಬೇಕು. ಬಾರದವರು ನೈ ಎನ್ನಬೇಕು. ‘ಹೌದು, ಬರಲ್ಲ’ ಎಂಬ ನಮ್ಮ ರೂಢಿಯಲ್ಲಿ ಯಾ ಎಂದರೆ ಎದುರಿನವರಿಗೆ ಗೊಂದಲ.


ಕಡತಗಾರ:

ಉಚ್ಚಾರಣೆಗೆ ಕನ್ನಡ ಲಿಪಿಯ ಕಾಲಂ ಮಾಡುವ ಆಸೆಯಿದ್ದರೆ ಬಿಡಿ. ಡೇನಿಶಿನಲ್ಲಿ ಸ್ಟೋಡ್ ಎಂಬ ಗಂಟಲಿನ ಬಿಗಿತವಿದೆ, ಅದೊಂದರಿಂದಲೇ ಪದ ಬದಲಾಗುತ್ತದೆ. ‘ಅವಳು’ ಎಂಬ ಹುನ್ ಮತ್ತು ‘ನಾಯಿ’ ಎಂಬ ಹುಂಡ್, ‘ತಾಯಿ’ ಎಂಬ ಮೋರ್ ಮತ್ತು ‘ಕೊಲೆ’ ಎಂಬ ಮೋರ್ಡ್, ಈ ಜೋಡಿಗಳಲ್ಲಿ ಬರಹದ ಕೊನೆಯ ಅಕ್ಷರ ಕೇಳಿಸುವುದೇ ಇಲ್ಲ, ಬಿಗಿತವಷ್ಟೇ ಬೇರೆ ಮಾಡುವುದು. ಆ ಕಾಲಂನ ಜಾಗದಲ್ಲಿ ನಿಘಂಟಿನ ಧ್ವನಿಯ ಕೊಂಡಿ ಇಡಿ. ಕಾಗುಣಿತದ ಡ್ ಎಲ್ಲಿ ಮಾಯವಾಗುತ್ತದೆ, ಎಲ್ಲಿ ನಾಲಿಗೆ ಸಡಿಲಬಿಟ್ಟ ಮೃದುಧ್ವನಿಯಾಗುತ್ತದೆ ಎಂಬುದು ಕಿವಿಯಿಂದಲೇ ಬರಬೇಕು.